ಹೊಸ ಬಣ್ಣದ ಕೆಳಗಿನ ಜಂಗು ನೋಡಿ ಹಳೇ ಗಾಡಿ ಕೊಳ್ಳಿ

ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಮನೆಗಳಲ್ಲಿ ಹಳೆಯ ಗಾಡಿಯ ಮೋಹ ಇನ್ನೂ ಇಳಿದಿಲ್ಲ. ಅಂಬಾಸಿಡರ್‌ನಲ್ಲಿ ಮದುಮಗನ ಮೆರವಣಿಗೆ, ಪದ್ಮಿನಿಯಲ್ಲಿ ಬಸವಕಲ್ಯಾಣದ ಪ್ರಯಾಣ, ಜೀಪಿನಲ್ಲಿ ಹೊಲದ ದಾರಿ ಕಂಡವರು ಇಲ್ಲಿ ಬಹಳ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಮರೆಯಾಯಿತು. ಸಿಗುವುದು ಅಪರೂಪವಾದಷ್ಟೂ ಕೊಳ್ಳುವವರ ಆತುರ ಹೆಚ್ಚುತ್ತದೆ. ಮೋಸ ಹೋಗುವುದು ಈ ಆತುರದಲ್ಲಿಯೇ.

ಮಾರುವವರ ಮಾತು ಎಲ್ಲ ಕಡೆ ಒಂದೇ: 'ಇಂಜಿನ್ ಮಸ್ತ್ ಅದರಿ ಕಾಕಾ, ಸೆಲ್ಫ್ ಹೊಡದ ಕೂಡ್ಲೆ ಚಾಲೂ ಆಗ್ತದ. ಪೇಂಟ್ ಸೈತ ಹೊಸಾದು ಹೊಡಿಸೀವಿ.' ಕೊಳ್ಳುವವರು ಬಾನೆಟ್ ಎತ್ತಿ, ಸದ್ದು ಕೇಳಿ, ತಲೆದೂಗಿ ಮುಂಗಡ ಕೊಟ್ಟುಬಿಡುತ್ತಾರೆ. ಗಾಡಿಯ ಕೆಳಗೆ ಬಗ್ಗಿ ನೋಡುವವರು ಅಪರೂಪ. ಇಂಜಿನ್ ಕೆಟ್ಟರೆ ಮಿಸ್ತ್ರಿ ಬಿಚ್ಚಿ ರಿಪೇರಿ ಮಾಡುತ್ತಾನೆ. ಆದರೆ ಪತ್ರಾವನ್ನೇ ಜಂಗು ತಿಂದಿದ್ದರೆ ಮಾಡುವುದೇನು? ಅಂಬಾಸಿಡರ್, ಪದ್ಮಿನಿಗಳಿಗೆ ಲಾರಿ, ಜೀಪಿನಂತೆ ಬೇರೆ ಚಾಸಿಸ್ ಚೌಕಟ್ಟು ಇಲ್ಲ. ಪತ್ರಾದ ಮೈಯೇ ಅವುಗಳ ಎಲುಬು. ಅದು ಟೊಳ್ಳಾದರೆ ಮಕ್ಕಳು ಮರಿ ಕೂತ ಗಾಡಿಗೆ ಆಧಾರವೇ ಇಲ್ಲ.

ಒಣ ಸೀಮೆಯ ಭ್ರಮೆ

'ನಮ್ಮದು ಒಣ ಸೀಮೆ, ಇಲ್ಲಿ ಎಲ್ಲೀ ಜಂಗು' ಎಂಬ ಭರವಸೆ ಹಲವರದು. ಅದು ಅರ್ಧ ಸತ್ಯ. ಗಾಡಿ ಹುಟ್ಟಾ ಇಲ್ಲಿಯದೇ ಆಗಿರಬೇಕೆಂದಿಲ್ಲ. ಪುಣೆ-ಸೋಲಾಪುರ-ಹೈದರಾಬಾದ್ ಹೆದ್ದಾರಿ ಉಮರ್ಗಾದ ಮೇಲೆಯೇ ಹಾದಿದೆ. ಮುಂಬೈ, ಕೊಂಕಣದಲ್ಲಿ ವರ್ಷಗಟ್ಟಲೆ ಸಮುದ್ರದ ಉಪ್ಪು ಗಾಳಿ ತಿಂದ ಗಾಡಿಗಳೂ ಕೈ ಬದಲಾಗುತ್ತ ಈ ಕಡೆ ಬರಬಹುದು. ಉಪ್ಪು ಸೇರಿದರೆ ಕಬ್ಬಿಣ ಬೇಗ ತಿನ್ನಿಸಿಕೊಳ್ಳುತ್ತದೆ. 2005ರ ಜುಲೈ 26ರ ಮುಂಬೈ ಮಳೆ, 2019ರ ಸಾಂಗ್ಲಿ-ಕೊಲ್ಹಾಪುರ ಮಹಾಪೂರದಲ್ಲಿ ಮುಳುಗಿದ ಗಾಡಿಗಳೆಲ್ಲ ಭಂಗಾರಕ್ಕೆ ಹೋಗಿವೆ ಎಂದು ಯಾರೂ ಎದೆ ತಟ್ಟಿ ಹೇಳಲಾರರು. ಇನ್ನು ನಮ್ಮ ಎರೆ ಮಣ್ಣೂ ಕಡಿಮೆಯಲ್ಲ. ಮಳೆಗಾಲದಲ್ಲಿ ಗಾಡಿಯ ಕೆಳಗೆ ಮೆತ್ತಿಕೊಂಡು ದಿನಗಟ್ಟಲೆ ಹಸಿ ಹಿಡಿದಿಟ್ಟುಕೊಳ್ಳುತ್ತದೆ.

ಅರ್ಧ ತಾಸಿನ ಕೆಲಸ

ಗಾಡಿಯನ್ನು ಹಗಲು ಬೆಳಕಿನಲ್ಲಿ, ಮೈ ಒಣಗಿದ್ದಾಗ ನೋಡಬೇಕು. ಆಗಷ್ಟೇ ತೊಳೆದ ಗಾಡಿಯ ಹೊಳಪು ಊನವನ್ನು ಮುಚ್ಚುತ್ತದೆ. ಮೊದಲು ಒಳಗಿನ ಮ್ಯಾಟ್ ಎತ್ತಿ ನೆಲದ ಪತ್ರಾ ಒತ್ತಿ ನೋಡಿ. ಬಾಗಿದರೆ, ಮುಗ್ಗಲು ವಾಸನೆ ಬಂದರೆ ಸಂಶಯ ಪಡಿ. ಬ್ಯಾಟರಿಯ ಕೆಳಗೆ, ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ, ಬಾಗಿಲುಗಳ ತಳದಂಚಿನಲ್ಲಿ, ಗಾಲಿಯ ಕಮಾನಿನ ಒಳಗೆ ನೀರು ನಿಲ್ಲುತ್ತದೆ. ಜಂಗೂ ಅಲ್ಲಿಂದಲೇ ಶುರು. ಬಾಗಿಲ ಕೆಳಗಿನ ಉದ್ದ ಪಟ್ಟಿ ಮತ್ತು ಹಿಂದಿನ ಪಾಟಾ ಕೂರುವ ಜಾಗವನ್ನು ಬಿಡದೆ ನೋಡಬೇಕು. ಬಾಗಿಲನ್ನು ಎತ್ತಿ ಹಾಕಿದರೇನೇ ಕೂಡುತ್ತದೆ ಎಂದರೆ ಮೈ ಜೋತು ಬಿದ್ದಿರಬಹುದು.

ಕಿಸೆಯಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ತೆಳು ಬಟ್ಟೆ ಸುತ್ತಿ ಮೈಮೇಲೆ ಆಡಿಸಿ. ಅದು ಹಿಡಿಯದ ಕಡೆ ಪತ್ರಾ ಅಲ್ಲ, ಲಾಂಬಿ ತುಂಬಿದ್ದಾರೆ ಎಂದು ಅರ್ಥ. ಬೆರಳ ಗೆಣ್ಣಿನಿಂದ ಬಡಿದರೆ ಅಲ್ಲಿ ಟಣ್ ಎನ್ನದೆ ದಬ್ ಎನ್ನುತ್ತದೆ. ಬಣ್ಣದಲ್ಲಿ ಗುಳ್ಳೆ ಎದ್ದಿದ್ದರೆ ಜಂಗು ಒಳಗಿಂದ ಬರುತ್ತಿದೆ. ಕೆಳಗೆಲ್ಲ ಹೊಸದಾಗಿ ಕರೀ ಲೇಪ ಬಳಿದಿದ್ದರೆ ಯಾಕೆ ಎಂದು ಕೇಳಲೇಬೇಕು.

ಹಾಗೆಂದು ಕೆಂಪು ಕಂಡ ಕೂಡಲೇ ಓಡಬೇಕಿಲ್ಲ. ಮೇಲ್ಪದರದ ಜಂಗನ್ನು ಉಜ್ಜಿ, ಪ್ರೈಮರ್ ಹೊಡೆದರೆ ಆಯಿತು. ಚುಚ್ಚಿದರೆ ತೂತಾಗುವ ಜಂಗು ಬೇರೆ. ಅದು ನೆಲ, ಪಟ್ಟಿ, ಪಾಟಾದ ಜಾಗದಲ್ಲಿದ್ದರೆ ಚೌಕಾಸಿಗೂ ನಿಲ್ಲಬೇಡಿ. ರ‍್ಯಾಂಪ್ ಮೇಲೆ ಹತ್ತಿಸಲು ಒಪ್ಪದವನಿಗೆ ಕೈ ಮುಗಿದು ಬರುವುದೇ ಲೇಸು. 'ಸಂಬಂಧಿಕರ ಕಡಿಯವ, ಹ್ಯಾಂಗ ಪರೀಕ್ಷಾ ಮಾಡೋದು' ಎಂಬ ಸಂಕೋಚವೂ ಬೇಡ. ಹೆಣ್ಣು ಗಂಡು ನೋಡುವಾಗ ಹತ್ತು ಕಡೆ ವಿಚಾರಿಸುವ ನಮ್ಮ ಮಂದಿಗೆ ಗಾಡಿ ನೋಡುವಾಗ ಏತಕ್ಕೆ ನಾಚಿಕೆ?

ಗಡಿಯ ತೊಡಕು

ಗಡಿಯವರಿಗೆ ಕಾಗದದ ಜಂಗೂ ಉಂಟು. ಚಾಸಿಸ್ ನಂಬರನ್ನು ಆರ್‌ಸಿ ಜತೆ ತಾಳೆ ನೋಡಿ. ನಂಬರನ್ನೇ ಜಂಗು ತಿಂದಿದ್ದರೆ ಹೆಸರು ಬದಲಾಯಿಸುವುದು ದೊಡ್ಡ ರಗಳೆ. ಬೀದರದ ಕೆಎ-38 ಗಾಡಿಯನ್ನು ತಂದು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮಹಾರಾಷ್ಟ್ರದ ನಂಬರ್ ಪಡೆಯಲೇಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒ ಎನ್‌ಒಸಿ ಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣ ಶುಲ್ಕ 2022ರಲ್ಲಿ ಏರಿತು. ಇಪ್ಪತ್ತು ದಾಟಿದವುಗಳಿಗೆ 2025ರಲ್ಲಿ ಮತ್ತೆ ಏರಿತು. ಐವತ್ತು ವರ್ಷ ಮೀರಿದ ಗಾಡಿಗೆ 2021ರ ಕೇಂದ್ರ ನಿಯಮದಂತೆ 20,000 ರೂ. ಕಟ್ಟಿ 'ವಿಂಟೇಜ್' ನೋಂದಣಿ ಮಾಡಿಸಬಹುದು. ಆದರೆ ಚಾಸಿಸ್, ಮೈ, ಇಂಜಿನ್ ಮೂಲ ರೂಪದಲ್ಲಿರಬೇಕು. ಅಂಥ ಗಾಡಿಯನ್ನು ಬಾಡಿಗೆಗೆ ಬಿಡುವಂತಿಲ್ಲ. ಪತ್ರಾ ಕೊಳೆತು ಅರ್ಧ ಮೈ ಬದಲಿಸಿದವರಿಗೆ ಈ ದಾರಿಯೂ ಕಠಿಣ.

ತಾಲ್ಲೂಕು ಕೇಂದ್ರಗಳ ಐಟಿಐಗಳು ತಿಂಗಳಿಗೊಂದು ದಿನ ಅಲ್ಪ ಶುಲ್ಕಕ್ಕೆ ಹಳೆ ಗಾಡಿ ತಪಾಸಣೆ ಮಾಡಿಕೊಟ್ಟರೆ ಹುಡುಗರಿಗೆ ಕೆಲಸ ಕಲಿತಂತೆ, ಬಡವರ ದುಡ್ಡು ಉಳಿದಂತೆ. ಸಂಬಂಧಪಟ್ಟವರು ಮನಸ್ಸು ಮಾಡಬೇಕು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಕಂಡ ಸೀಮೆ ಇದು. ಕೋಟೆಯಂತೆ ಕಾಣುತ್ತಿದ್ದ ದಪ್ಪ ಕಲ್ಲಿನ ಗೋಡೆಗಳ ನಡುವೆ ಇದ್ದದ್ದು ಬರೀ ಮಣ್ಣು ಎಂಬುದು ಅವು ಬಿದ್ದ ಮೇಲೆ ತಿಳಿಯಿತು. ಹೊರಗಿನ ದಪ್ಪ ನೋಡಿ ನಂಬಬಾರದೆಂದು ಇಲ್ಲಿಯವರಿಗೆ ಬೇರೆ ಯಾರೂ ಕಲಿಸಬೇಕಿಲ್ಲ. ಮುಂಗಡ ಕೊಡುವ ಮುನ್ನ ಒಮ್ಮೆ ಬಗ್ಗಿ ನೋಡಿದರೆ ಸಾಕು.