ಓದಲಾಗದ ಪತ್ರಕ್ಕೆ ಸಹಿ ಹಾಕುವ ಮುನ್ನ

ಚೆನ್ನೈಗೆ ಬಂದು ನಾಲ್ಕು ಕಾಸು ಉಳಿಸಿದ ಕನ್ನಡಿಗನ ಮೊದಲ ಆಸೆ ಒಂದು ಗ್ರೌಂಡ್ ಜಾಗ. ಗ್ರೌಂಡ್ ಎಂದರೆ 2,400 ಚದರಡಿ, ಬೆಂಗಳೂರಿನ ಲೆಕ್ಕದಲ್ಲಿ 40-60 ಸೈಟು. ಭಾನುವಾರ ಪ್ರವರ್ತಕರ ವ್ಯಾನಿನಲ್ಲಿ ಗೂಡುವಾಂಚೇರಿಗೋ ತಿರುವಳ್ಳೂರಿಗೋ ಹೋಗಿ, ಅವರು ಕೊಟ್ಟ ಊಟ ಮುಗಿಸಿ, ಮುಂಗಡ ಕೊಟ್ಟು ಬಂದವರು ನಮ್ಮಲ್ಲಿ ಬಹಳ ಮಂದಿ. ನಾನೂ ಅವರಲ್ಲೊಬ್ಬ.

2006ರಲ್ಲಿ ತಾಂಬರಂ ಆಚೆ ಅರ್ಧ ಗ್ರೌಂಡ್ ಕೊಂಡೆ. 'ಪಂಚಾಯತ್ ಅಪ್ರೂವಲ್ ಇದೆ ಸಾರ್' ಎಂದರು. ನೋಂದಣಿಯೂ ಸಲೀಸಾಗಿ ಆಯಿತು. ಸರ್ಕಾರದ ಮೊಹರು ಬಿದ್ದ ಮೇಲೆ ಇನ್ನೇನು ಎಂದು ನಿಶ್ಚಿಂತನಾದೆ. ಹತ್ತು ವರ್ಷದ ನಂತರ ಮಗಳ ಓದಿಗೆಂದು ಮಾರಲು ಹೊರಟೆ. ಆಗಲೇ, 2016ರ ಸೆಪ್ಟೆಂಬರ್‌ನಲ್ಲಿ, ಅನುಮೋದನೆಯಿಲ್ಲದ ನಿವೇಶನಗಳ ನೋಂದಣಿಗೆ ಮದ್ರಾಸ್ ಹೈಕೋರ್ಟ್ ತಡೆ ಹಾಕಿತು. ಕೊಳ್ಳಲು ಬಂದವರು ಮುಂಗಡ ವಾಪಸು ಪಡೆದರು. ಪ್ರವರ್ತಕರ ಫೋನು ಅಷ್ಟರಲ್ಲಿ ನಿಂತೇ ಹೋಗಿತ್ತು.

ಡಿ.ಟಿ.ಸಿ.ಪಿ. ಅಥವಾ ಸಿ.ಎಂ.ಡಿ.ಎ. ಒಪ್ಪಿಗೆಯಿಲ್ಲದೆ ಪಂಚಾಯತ್ ಅಧ್ಯಕ್ಷರ ಸಹಿಯೊಂದರಿಂದ ಬಡಾವಣೆ ಆಗುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು. ಬ್ಯಾಂಕಿನಲ್ಲೇ ಕೂತು ದಿನಾ ಇಂಥ ಪತ್ರಗಳನ್ನು ಮುಟ್ಟುತ್ತಿದ್ದವನಿಗೆ! 2017ರಲ್ಲಿ ಸರ್ಕಾರ ಸಕ್ರಮ ನಿಯಮಗಳನ್ನು ತಂದಿತು. 2016ರ ಅಕ್ಟೋಬರ್ 20ರೊಳಗೆ ನೋಂದಣಿಯಾದ ನಿವೇಶನಗಳಿಗೆ ಅದರಲ್ಲಿ ದಾರಿಯಿತ್ತು. ಆದರೆ ಮೊದಲು ಇಡೀ ಬಡಾವಣೆಗೆ ತಾತ್ವಿಕ ಒಪ್ಪಿಗೆ, ಆಮೇಲೆ ಬಿಡಿ ಸೈಟಿಗೆ. ಮುಖ ಪರಿಚಯವೂ ಇಲ್ಲದ ಸೈಟುದಾರರನ್ನು ಹುಡುಕಿ ಕೂಡಿಸಿ ಅರ್ಜಿ ಹಾಕುವಷ್ಟರಲ್ಲಿ ಸಾಕುಸಾಕಾಯಿತು. ಮಗಳ ಫೀಸು ಪಿ.ಎಫ್. ಸಾಲದಲ್ಲಿ ಕಟ್ಟಿದೆ.

ತಪ್ಪು ಪ್ರವರ್ತಕರದೊಂದೇ ಅಲ್ಲ. ತಮಿಳು ಮಾತು ನನಗೆ ನೀರು ಕುಡಿದಷ್ಟು ಸುಲಭ, ಓದು ಮಾತ್ರ ಬಸ್ ಬೋರ್ಡಿನ ಮಟ್ಟದ್ದು. ಕ್ರಯಪತ್ರಕ್ಕೆ ಓದದೆ ಸಹಿ ಹಾಕಿದೆ. ಅದರಲ್ಲಿ ಜಾಗವನ್ನು 'ಪುಂಜೈ' ಎಂದು ಬರೆದಿತ್ತು, ಅಂದರೆ ನಮ್ಮ ಊರಿನ ಖುಷ್ಕಿ ಜಮೀನು. ಬಡಾವಣೆಯ ಅನುಮೋದನೆ ಸಂಖ್ಯೆ ಎಲ್ಲೂ ಇರಲಿಲ್ಲ.

ಬೆಂಗಳೂರಿನ ಖಾತೆಯೇ ಇಲ್ಲಿನ ಪಟ್ಟಾ ಎಂದು ತಿಳಿದವರೂ ಇದ್ದಾರೆ. ಖಾತೆ ನಗರಸಭೆಯ ತೆರಿಗೆ ಲೆಕ್ಕ, ಪಟ್ಟಾ ಕಂದಾಯ ಇಲಾಖೆಯ ದಾಖಲೆ. ಇನ್ನು ಇ.ಸಿ.ಗೆ ತಮಿಳಿನಲ್ಲಿ ವಿಲ್ಲಂಗ ಸಾನ್ರಿದಳ್ ಎನ್ನುತ್ತಾರೆ. ವಿಲ್ಲಂಗ ಎಂದರೆ ಆಡುಮಾತಿನಲ್ಲಿ ತಂಟೆ. ಇ.ಸಿ.ಯಲ್ಲಿ ಏನೂ ಇಲ್ಲವೆಂದರೆ ತಂಟೆಯೇ ಇಲ್ಲವೆಂದಲ್ಲ. ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಬರುತ್ತದೆ. ನೋಂದಣಿಯಾಗದ ಉಯಿಲು, ಕೋರ್ಟಿನಲ್ಲಿರುವ ದಾವೆ ಕಾಣದೆ ಹೋಗಬಹುದು. ಈಗ ಇ.ಸಿ., ಪಟ್ಟಾ ಎರಡನ್ನೂ ಮನೆಯಲ್ಲೇ ಕಂಪ್ಯೂಟರಿನಲ್ಲಿ ನೋಡಬಹುದು, 500 ಚದರ ಮೀಟರಿಗೆ ಮೀರಿದ ಹೊಸ ಬಡಾವಣೆಗೆ ರೇರಾ ನೋಂದಣಿಯೂ ಕಡ್ಡಾಯ. ಆದರೆ ನೋಡುವವರಿಗೆ ಓದಲು ಬರಬೇಕಲ್ಲ? ಮುದ್ರಾಂಕಕ್ಕೆ ಶೇ. 7, ನೋಂದಣಿಗೆ ಶೇ. 2 ಎಂದರೆ 20 ಲಕ್ಷದ ಸೈಟಿಗೆ 1.80 ಲಕ್ಷ ಸರ್ಕಾರಕ್ಕೇ ಹೋಗುತ್ತದೆ. ಸೈಟು ಕೆಟ್ಟರೂ ಆ ಹಣ ವಾಪಸು ಬರುವುದಿಲ್ಲ.

ನಮ್ಮ ಸಂಘಗಳು ರಾಜ್ಯೋತ್ಸವ, ಯುಗಾದಿ ಎಲ್ಲವನ್ನೂ ಚೆನ್ನಾಗಿಯೇ ಮಾಡುತ್ತಿವೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಸಭಾಂಗಣ ತೆರೆದು, ಸದಸ್ಯರು ತಂದ ಪತ್ರಗಳನ್ನು ಓದಿ ಕನ್ನಡದಲ್ಲಿ ತಿಳಿಸುವ ಏರ್ಪಾಡು ಮಾಡಬಾರದೇಕೆ? ನಮ್ಮಲ್ಲಿ ವಕೀಲರಿದ್ದಾರೆ, ನಿವೃತ್ತ ಬ್ಯಾಂಕು ನೌಕರರಿದ್ದಾರೆ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಶಾಲೆ ಸೇರಿದ ನಮ್ಮ ಮಕ್ಕಳಲ್ಲಿ ಹಲವರು ತಮಿಳನ್ನು ಸರಾಗವಾಗಿ ಓದುತ್ತಾರೆ. (ಅವರ ಕನ್ನಡದ ಗತಿ ಏನಾಯಿತು ಎಂಬುದು ಬೇರೆಯೇ ಲೇಖನದ ವಿಷಯ.) 'ಸಂಘಕ್ಕೆ ಯಾಕೆ ಬೇಕು ಈ ಉಸಾಬರಿ, ನಾಳೆ ಹೆಚ್ಚುಕಡಿಮೆಯಾದರೆ ನಮ್ಮ ತಲೆಗೆ ಬರುತ್ತದೆ' ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಸಲಹೆ ಕೊಡುವುದು ಬೇಡ, ಕೊಳ್ಳಿ ಬಿಡಿ ಎಂದು ಹೇಳುವುದೂ ಬೇಡ. ಪತ್ರದಲ್ಲಿ ಏನು ಬರೆದಿದೆ ಎಂದಷ್ಟೇ ಓದಿ ಹೇಳಿದರೆ ಸಾಕು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಎತ್ತಲಿದ್ದೇನೆ. ಓದಬಲ್ಲ ಇಬ್ಬರು ಮುಂದೆ ಬಂದರೆ, ಮೊದಲ ಭಾನುವಾರ ನನ್ನ ಅರ್ಧ ಗ್ರೌಂಡಿನ ಪತ್ರವನ್ನೇ ತರುತ್ತೇನೆ.