ಇಬ್ರೂ ಗಂಡ್ಸರಾದ್ರ ಬಿಲ್ ಯಾರು ಕೊಡಬೇಕು?

ಗಂಡ-ಹೆಂಡ್ತಿ ಹೋಟೆಲ್‌ಗೆ ಹೋದ್ರ ಸಪ್ಲಾಯರ್ ಬಿಲ್ ತಂದು ಗಂಡನ ಮುಂದ ಇಡ್ತಾನ. ಹೆಂಡ್ತಿ ಪಗಾರ ಜಾಸ್ತಿ ಇದ್ರೂ ಅಷ್ಟ. ಆದ್ರ ಒಬ್ಬರ ಮ್ಯಾಲೆ ಒಬ್ಬರು ಮನಸ್ಸಿಟ್ಟ ಇಬ್ರು ಗಂಡಹುಡುಗ್ರು ಕೂತಿದ್ರ? ಬಿಲ್ಲು ಟೇಬಲ್ ನಡುವ ಬಿದ್ದಿರ್ತದ. ಇಬ್ರೂ ಅದನ್ನ ನೋಡಿಕೋತ ಕೂಡ್ತಾರ.

ಇದೆಲ್ಲಾ ನಮಗ್ಯಾಕ ಅಂತೀರೇನು? ನಮ್ಮ ಬಳಗದಾಗೂ ಗೇ ಹುಡುಗ್ರು ಅದಾರ. ಯಾರ ಮಗ ಅಂತ ನಾ ಹೇಳೂದಿಲ್ಲ, ನೀವೂ ಲೆಕ್ಕಾ ಹಾಕ್ಕೋತ ಕೂಡಬ್ಯಾಡ್ರಿ. 2018ರ ಸೆಪ್ಟೆಂಬರ್ 6ಕ್ಕ ಸುಪ್ರೀಂ ಕೋರ್ಟು 377ನೇ ಕಲಮಿನ ಹೆದರಿಕಿ ತಗದ ಮ್ಯಾಲೆ ಬೆಂಗ್ಳೂರಿನಂಥಾ ಊರಾಗ ಅವರು ಭೆಟ್ಟಿ ಆಗೂದು ಸ್ವಲ್ಪ ಹಗೂರಾಗೇದ. ಆದ್ರ ಭೆಟ್ಟಿ ಆದಾಗ ಹೆಂಗ ನಡಕೋಬೇಕು ಅಂತ ಅವರಿಗೆ ಯಾವ ಅಜ್ಜಿನೂ ಹೇಳಿಕೊಟ್ಟಿಲ್ಲ. ನಮಗ ಕನ್ಯಾ ನೋಡೂದ್ರಿಂದ ಹಿಡದು ಎಲ್ಲಾಕ್ಕೂ ಪದ್ಧತಿ ಅದ.

ಅವರು ಹಿಡಿಯೋ ದಾರಿ ಎರಡು. ಕರದವ ಕೊಡಬೇಕು, ಇಲ್ಲಾ ಫೋನ್‌ಪೇದಾಗ ಅರ್ಧಾ ಅರ್ಧಾ. ಮೊದಲ ಸಲಕ್ಕ ಅರ್ಧಾ ಅರ್ಧಾನ ಛಲೋ ಅಂತೀನಿ ನಾ. ಫೋನಿನಾಗ ಗುರುತಾದವ, ಹೆಂಥಾವ ಅಂತ ಇನ್ನೂ ಗೊತ್ತಿಲ್ಲ, ಅವನ ಋಣ ಯಾಕ? ಮುಂದ ಮನಸ್ಸು ಕೂಡಿದ ಮ್ಯಾಲೂ ನೂರಾ ಮೂವತ್ತೇಳು ರೂಪಾಯಿ ಐವತ್ತು ಪೈಸಾ ಅಂತ ಹಂಚಿಕೋತ ಕೂತ್ರ ಮಾತ್ರ ಸಂಬಂಧ ಬೆಳ್ಯೂದಿಲ್ಲ. ಆಯೇರಿ ನೆನಸ್ಕೋರಿ. ಅವರು ನಮ್ಮ ಮದುವ್ಯಾಗ 501 ಹಾಕಿದ್ರ ಅವತ್ತ ಸಂಜೀಕ 501 ತಿರುಗಿ ಕೊಡ್ತೀವೇನು? ಕೊಟ್ರ ಜಗಳಾನ ಆದೀತು. ವಹಿದಾಗ ಬರದಿಟ್ಟು, ಅವರ ಮಗಳ ಲಗ್ನಕ್ಕ 551 ಹಾಕ್ತೀವಿ.

ಪಗಾರದ ಹೆಚ್ಚು-ಕಡಿಮಿನೂ ನೋಡಬೇಕಲ್ರಿ. ಒಬ್ಬಾಂವ ಐಟಿದಾಗ, ಇನ್ನೊಬ್ಬಾಂವ ಪೀಜಿದಾಗಿದ್ದು ಕೆಲಸಾ ಹುಡುಕಾಂವ. ಇಂವ ಊಟಾ ಹಾಕಿಸಿದ್ರ ಅಂವ ಚಹಾ ಕುಡಸ್ಲಿ, ಸಾಕು.

ಆದ್ರ ನನಗ ಹೆದರಿಕಿ ಇರೂದ ಇಲ್ಲೇ. ‘ಬಿಲ್ ನಾ ಕೊಟ್ಟೀನಲ್ಲ, ಈಗ ನಮ್ಮ ರೂಮಿಗೆ ಬಾ’ ಅನ್ನೋರೂ ಇರ್ತಾರ. ರೊಕ್ಕಾ ಕೊಟ್ಟಾಂವ ಹುಕುಂ ಮಾಡ್ತಾನ ಅನ್ನೂದನ್ನ ನಮಗ ಯಾರೂ ಹೇಳಿಕೊಡಬೇಕಿಲ್ಲ, ಕಿರಾಣಿ ಚೀಟಿ ಹಿಡಕೊಂಡು ಕೈ ಚಾಚಿದವ್ರು ನಾವು. ನಮಗರೆ ತವರುಮನಿ ಅದ. ಮನ್ಯಾಗ ಬಾಯಿ ಬಿಡಲಾರದ ಆ ಹುಡುಗ ಯಾರ ಮುಂದ ಹೇಳ್ಬೇಕು? ದೂರು ಕೊಟ್ರ ಅಪ್ಪ-ಅವ್ವಗ ಗೊತ್ತಾಗ್ತದ ಅಂತ ಸುಮ್ನಾಗ್ತಾನ.

ಅದಕ್ಕ ‘ಅವರೊಳಗ ಹೆಂಡ್ತಿ ಯಾರ್ರಿ?’ ಅಂತ ನಗೋದು ನನಗ ಸೇರೂದಿಲ್ಲ. ಕೊಟ್ಟಾಂವ ಗಂಡ, ತಿಂದಾಂವ ಹೆಂಡ್ತಿ ಅಂತ ನಾವ ಅವರ ತಲ್ಯಾಗ ತುಂಬಿಧಂಗ ಆಗ್ತದ.

ಕೂಡಿ ಇರ್ಲಿಕ್ಕೆ ಹತ್ತಿದ್ರ ಲೆಕ್ಕಾ ಇನ್ನೂ ದೊಡ್ಡದು. 2023ರ ಅಕ್ಟೋಬರ್ 17ಕ್ಕ ಸುಪ್ರೀಂ ಕೋರ್ಟು ಇವರ ಮದುವಿಗೆ ಕಾನೂನಿನ ಮಾನ್ಯತಾ ಕೊಡ್ಲಿಲ್ಲ. ವರ್ಷಾನುಗಟ್ಟಲೆ ಬಾಡಗಿ, ಗ್ಯಾಸು, ಸಂತಿ ಖರ್ಚು ಹಾಕಿದಾಂವಗ ನಾಳೆ ಹೆಂಡ್ತಿಗಿರೋ ಹಕ್ಕು ಇಲ್ಲ. 2024ರ ಆಗಸ್ಟ್‌ನಾಗ ಕೇಂದ್ರ ಹಣಕಾಸು ಸಚಿವಾಲಯ, ಇಂಥಾ ಜೋಡಿ ಬ್ಯಾಂಕಿನಾಗ ಜಂಟಿ ಖಾತೆ ತಗೀಲಿಕ್ಕೆ, ಒಬ್ಬರನ್ನೊಬ್ಬರು ನಾಮಿನಿ ಮಾಡ್ಲಿಕ್ಕೆ ಅಡ್ಡಿ ಇಲ್ಲ ಅಂತ ಸ್ಪಷ್ಟ ಮಾಡೇದ. ನಾಮಿನಿ ಅಂದ್ರ ವಾರಸುದಾರ ಅಲ್ಲ, ಅದಕ್ಕ ಮೃತ್ಯುಪತ್ರ ಬ್ಯಾರೆ ಬರಸಬೇಕು. ನಿಮ್ಮ ಮನಿ ಹುಡುಗ ಯಾವಾಗರೆ ಬಾಯಿಬಿಟ್ಟು ಕೇಳಿದ್ರ ಅವನ ಕೂಡ ಬ್ಯಾಂಕಿಗೆ ಹೋಗಿ ಫಾರ್ಮ್ ತುಂಬಿಸಿ ಬರ್ರಿ. ಹೆಂಗೂ ಪಾಸ್‌ಬುಕ್ ಎಂಟ್ರಿಗೆ ತಿಂಗಳಾ ಹೋಗಾವ್ರ ಇದ್ದೀರಿ.