ತೋಟ ಅಡವಿಟ್ಟು ಸಿನಿಮಾ ಬೇಡ

ಸಕಲೇಶಪುರದ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿರುವ ತಂದೆಯೊಬ್ಬರು ಈ ಅಂಕಣಕ್ಕೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮಗಳು ದ್ವಿತೀಯ ಪಿಯುಸಿ, ಓದಿನಲ್ಲಿ ಮುಂದು. ಎರಡು ವರ್ಷದ ಹಿಂದೆ ಊರ ಹತ್ತಿರ ಶೂಟಿಂಗ್ ನಡೆದಾಗ ಎಲ್ಲರ ಜೊತೆ ನೋಡಲು ಹೋದವಳು ನಾಯಕಿಯ ಸೀರೆಯ ಬಣ್ಣ ಯಾವುದೆಂದು ಹೇಳಲಾರಳಂತೆ. ಕ್ಯಾಮೆರಾದ ಪಕ್ಕ ನಿಂತು ಇಡೀ ಗುಂಪನ್ನು ನಡೆಸುತ್ತಿದ್ದವರನ್ನೇ ಸಂಜೆವರೆಗೂ ನೋಡಿ ಬಂದಳಂತೆ. ಅಂದಿನಿಂದ ಒಂದೇ ಹಟ: ಸಿನಿಮಾ ಮಾಡುವುದನ್ನು ಕಲಿಯಬೇಕು. ಈಗ ಹಾಸನದಲ್ಲಿ ಪರಿಚಯವಾದ ಒಬ್ಬರು ಐದು ಲಕ್ಷ ಕೊಟ್ಟರೆ ಹುಡುಗಿಯನ್ನು ಸಹಾಯಕ ನಿರ್ದೇಶಕಿ ಮಾಡುತ್ತೇವೆ, ಸರ್ಕಾರದ ಸಬ್ಸಿಡಿ ಬಂದ ಕೂಡಲೇ ಹಣ ವಾಪಸು ಎಂದಿದ್ದಾರೆ. ಆಲೂರು ತಾಲ್ಲೂಕಿನಲ್ಲಿ ಎರಡೂವರೆ ಎಕರೆ ಪಿತ್ರಾರ್ಜಿತವಿದೆ. ‘ಅಡವಿಡಬಹುದೇ?’ ಎಂಬುದು ಪತ್ರದ ಕೊನೆಯ ಸಾಲು.

ಬೇಡ. ಮೊದಲು ಈ ಉತ್ತರ ಕೊಟ್ಟುಬಿಡುತ್ತೇನೆ.

ಸಬ್ಸಿಡಿ ಎಂಬ ಮಾತಿಗೆ ನಮ್ಮ ಜನ ಬೇಗ ಮರುಳಾಗುತ್ತಾರೆ. ಕೊಟ್ಟಿಗೆಗೆ, ಪಂಪ್‌ಸೆಟ್ಟಿಗೆ ಸಿಗುವಂತೆ ಸಿನಿಮಾಕ್ಕೂ ಸಿಗುತ್ತದೆ ಎಂಬ ಎಣಿಕೆ. ಸಿಗುವುದೇನೋ ನಿಜ. ರಾಜ್ಯದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ. ಆದರೆ ಚಿತ್ರ ಪೂರ್ತಿಯಾಗಿ, ಸೆನ್ಸಾರ್ ಪ್ರಮಾಣಪತ್ರ ಪಡೆದು, ಆಯ್ಕೆ ಸಮಿತಿ ನೋಡಿ ಒಪ್ಪಿದ ಮೇಲೆ. ಅದೂ ವರ್ಷಗಟ್ಟಲೆ ತಡವಾದದ್ದುಂಟು. ಎಂದರೆ ಕೈಯಲ್ಲಿ ಹಣ ಇದ್ದು ಸಿನಿಮಾ ಮುಗಿಸಿದವರಿಗೆ ಅದು ಆಸರೆ; ಕಥೆ ಮಾತ್ರ ಇರುವ ಹುಡುಗಿಗೆ ಅದರಿಂದ ಮೊದಲ ದಿನದ ಶೂಟಿಂಗೂ ಆಗದು.

ಘಟ್ಟದ ಆಚೆ ಕೇರಳದಲ್ಲಿ ಇದನ್ನು ಬೇರೆ ರೀತಿ ಮಾಡಿ ನೋಡಿದರು. ಅಲ್ಲಿನ ಚಲನಚಿತ್ರ ಅಭಿವೃದ್ಧಿ ನಿಗಮ 2019ರಲ್ಲಿ ಮಹಿಳಾ ನಿರ್ದೇಶಕರಿಗೆಂದೇ ಒಂದು ಯೋಜನೆ ತಂದಿತು. ಚಿತ್ರಕಥೆ ಕಳಿಸಬೇಕು, ಆಯ್ಕೆಯಾದರೆ ಒಂದೂವರೆ ಕೋಟಿ ರೂಪಾಯಿವರೆಗೆ ನಿಗಮವೇ ಹಾಕಿ ನಿರ್ಮಾಪಕನಾಗುತ್ತದೆ. ತಾರಾ ರಾಮಾನುಜನ್ ಅವರ ‘ನಿಷಿದ್ಧೋ’ (2022), ಶ್ರುತಿ ಶರಣ್ಯಂ ಅವರ ‘ಬಿ 32 ಮುದಲ್ 44 ವರೆ’ (2023) ಹೀಗೆ ಬಂದ ಚಿತ್ರಗಳು. ನಿಗಮದ ನಡವಳಿಕೆಯ ಬಗ್ಗೆ ದೂರುಗಳೂ ಬಂದವು, ಇಲ್ಲವೆನ್ನಲಾರೆ. ಆದರೂ ಹಣ ಮೊದಲು ಬಂತು, ಸಿನಿಮಾ ಆಮೇಲೆ. ನಮ್ಮಲ್ಲಿ ಬೇಕಾಗಿರುವುದು ಈ ಕ್ರಮ.

ಹಾಗಾದರೆ ಕನ್ನಡದ ಹೆಣ್ಣುಮಕ್ಕಳು ಹೇಗೆ ಬಂದರು? ಬೇರೊಂದು ಕಸುಬು ಕಲಿತು ಬಂದರು. ‘ಫಣಿಯಮ್ಮ’ (1983) ಮಾಡಿದ ಪ್ರೇಮಾ ಕಾರಂತರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ ರಂಗಭೂಮಿಯಲ್ಲಿ ಪಳಗಿದವರು. ನಿಮ್ಮ ನೆರೆಯ ಮೂಡಿಗೆರೆಯ ತೇಜಸ್ವಿಯವರ ‘ಕಿರಗೂರಿನ ಗಯ್ಯಾಳಿಗಳು’ ಕಥೆಯನ್ನು 2016ರಲ್ಲಿ ತೆರೆಗೆ ತಂದ ಸುಮನಾ ಕಿತ್ತೂರು ಪತ್ರಿಕೆಯ ದಾರಿಯಿಂದ ಬಂದರು. ವೈದೇಹಿಯವರ ಕಥೆಗಳನ್ನಾಧರಿಸಿ ‘ಅಮ್ಮಚ್ಚಿಯೆಂಬ ನೆನಪು’ (2018) ಮಾಡಿದ ಚಂಪಾ ಶೆಟ್ಟಿ ನಾಟಕ, ಕಂಠದಾನದಲ್ಲಿ ದುಡಿದವರು. ಏಷ್ಯದ ಮೊದಲ ಮಹಿಳಾ ಛಾಯಾಗ್ರಾಹಕಿ ಎಂದು ಹೆಸರಾದ ಬಿ.ಆರ್. ವಿಜಯಲಕ್ಷ್ಮಿ ನಮ್ಮ ಬಿ.ಆರ್. ಪಂತುಲು ಅವರ ಮಗಳು. ಅಷ್ಟು ದೊಡ್ಡ ಮನೆತನದವರೂ ಅಶೋಕ್ ಕುಮಾರ್ ಅವರ ಕೈಕೆಳಗೆ ಸಹಾಯಕಿಯಾಗಿ ಕಲಿತ ಮೇಲೆಯೇ ಸ್ವತಂತ್ರವಾಗಿ ಕ್ಯಾಮೆರಾ ಹಿಡಿದದ್ದು. ಇವರಲ್ಲಿ ಯಾರೂ ಸಹಾಯಕಿಯ ಕೆಲಸಕ್ಕೆ ಲಕ್ಷ ಎಣಿಸಿ ಕೊಟ್ಟದ್ದನ್ನು ನಾನು ಕೇಳಿಲ್ಲ. ಸಹಾಯಕರಿಗೆ ಸಂಬಳ ಕೊಡಬೇಕು, ಅವರಿಂದ ಪಡೆಯುವುದಲ್ಲ.

(ಲಿಂಗತ್ವ ಅಲ್ಪಸಂಖ್ಯಾತರ ಪಾಡು ಇನ್ನೂ ಹಿಂದೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ‘ನಾನು ಅವನಲ್ಲ ಅವಳು’ ಚಿತ್ರವಾಯಿತು, ರಾಷ್ಟ್ರಪ್ರಶಸ್ತಿಯೂ ಬಂತು. ನಿರ್ದೇಶಿಸಿದವರು, ಆ ಪಾತ್ರ ಮಾಡಿದವರು ಇಬ್ಬರೂ ಗಂಡಸರು.)

ಖರ್ಚು ಮಾಡುವುದಾದರೆ ಕಲಿಕೆಗೆ ಮಾಡಿ. 1943ರಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಆರಂಭವಾದ ಛಾಯಾಗ್ರಹಣ ಮತ್ತು ಧ್ವನಿಗ್ರಹಣ ತರಬೇತಿಯೇ ಇಂದು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾಗಿದೆ. ಫಾಲ್ಕೆ ಪ್ರಶಸ್ತಿ ಪಡೆದ ಮೈಸೂರಿನ ವಿ.ಕೆ. ಮೂರ್ತಿ ಕಲಿತದ್ದು ಆ ಪಾಲಿಟೆಕ್ನಿಕ್‌ನಲ್ಲಿ. ಯಾವುದಾದರೂ ಪದವಿ ಮುಗಿಸಿದ ಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಪ್ರವೇಶ ಪರೀಕ್ಷೆ ಬರೆಯಬಹುದು. 2024ರ ಕಾನ್ ಉತ್ಸವದಲ್ಲಿ ಎರಡನೇ ದೊಡ್ಡ ಪ್ರಶಸ್ತಿ ಗೆದ್ದ ಪಾಯಲ್ ಕಪಾಡಿಯಾ ಅಲ್ಲಿನ ವಿದ್ಯಾರ್ಥಿನಿ. ಹುಡುಗಿಗೆ ನಿರ್ದೇಶನವೇ ಬೇಕೆನಿಸಬಹುದು. ನನ್ನ ಸಲಹೆ, ಸಂಕಲನವನ್ನೋ ಧ್ವನಿಯನ್ನೋ ಕಲಿಯಲಿ. ನಿರ್ದೇಶಕಿಗೆ ಎರಡು ಚಿತ್ರಗಳ ನಡುವೆ ಐದು ವರ್ಷ ಖಾಲಿ ಹೋಗಬಹುದು, ಸಂಕಲನಕಾರಳಿಗೆ ಆ ಮಧ್ಯೆಯೂ ಕೆಲಸ ಸಿಗುತ್ತದೆ.

ಪತ್ರದಲ್ಲಿ ಬರೆಯದೆ ಬಿಟ್ಟ ಭಯ ಒಂದಿದೆ, ತಾಯಿಯವರದಿರಬೇಕು. ಅದು ಸುಮ್ಮನೆ ಹುಟ್ಟಿದ ಭಯವಲ್ಲ. ಮಲಯಾಳಂ ಚಿತ್ರರಂಗದ ಹೆಂಗಸರ ಸ್ಥಿತಿ ಕುರಿತ ಹೇಮಾ ಸಮಿತಿ ವರದಿ 2019ರಲ್ಲೇ ಸರ್ಕಾರಕ್ಕೆ ಸಲ್ಲಿಕೆಯಾಗಿ 2024ರಲ್ಲಿ ಹೊರಬಂತು. ಅದೇ ವರ್ಷ ಕವಿತಾ ಲಂಕೇಶ್ ಮತ್ತು ‘ಫೈರ್’ ಸಂಸ್ಥೆಯವರು ಇಲ್ಲಿಯೂ ಅಂಥ ಸಮಿತಿ ಬೇಕೆಂದು ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವೆಡೆ ಆಂತರಿಕ ದೂರು ಸಮಿತಿ ಇರಬೇಕು. ಮಗಳು ಎಲ್ಲಿ ಕೆಲಸಕ್ಕೆ ಸೇರಿದರೂ ಸಮಿತಿಯಲ್ಲಿ ಯಾರಿದ್ದಾರೆಂದು ಕೇಳಲಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಡೆ ಸೇರುವುದೇ ಬೇಡ.

ಮಗಳಿಗೂ ಒಂದು ಮಾತು. ಅಸ್ಸಾಮಿನ ರೀಮಾ ದಾಸ್ ತಮ್ಮ ಹಳ್ಳಿಯ ಮಕ್ಕಳನ್ನೇ ಇಟ್ಟುಕೊಂಡು, ತಾವೇ ಬರೆದು, ಕ್ಯಾಮೆರಾ ಹಿಡಿದು, ಸಂಕಲಿಸಿ ಮಾಡಿದ ‘ವಿಲೇಜ್ ರಾಕ್‌ಸ್ಟಾರ್ಸ್’ (2017) ಆ ವರ್ಷದ ದೇಶದ ಶ್ರೇಷ್ಠ ಚಿತ್ರವಾಯಿತು. 1982ರಲ್ಲಿ ದೀಪಾ ಧನರಾಜ್ ಮತ್ತು ಯುಗಾಂತರ್ ಗೆಳತಿಯರು ನಿಪ್ಪಾಣಿಯ ತಂಬಾಕು ಕಾರ್ಮಿಕ ಹೆಂಗಸರ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ನಿಮ್ಮ ಕಡೆ ಕಾಫಿ ಕುಯ್ಯಲು ಮುಂಜಾನೆ ಲೈನಿನಿಂದ ಹೊರಡುವ ಹೆಂಗಸರು ಆನೆ ಎಲ್ಲಿದೆಯೆಂದು ಕೇಳಿಕೊಂಡೇ ದಾರಿ ಹಿಡಿಯುತ್ತಾರಲ್ಲ, ಅದನ್ನು ಬೆಂಗಳೂರಿನಿಂದ ಬಂದವರು ನಿನ್ನಷ್ಟು ಚೆನ್ನಾಗಿ ತೆಗೆಯಲಾರರು. ಮನೆಯ ಫೋನಿನಲ್ಲೇ ಹತ್ತು ನಿಮಿಷದ್ದು ತೆಗೆ, ಅವರ ಒಪ್ಪಿಗೆ ಕೇಳಿ. ಮುಂದೆ ಕೆಲಸ ಪಕ್ವವಾದಾಗ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ಗೆ ಅನುದಾನಕ್ಕೆ ಬರೆಯಬಹುದು. 1995ರಿಂದ ಅನುದಾನ ಕೊಡುತ್ತಿರುವ ಸಂಸ್ಥೆ ಅದು, ಅರ್ಜಿಯನ್ನು ಕನ್ನಡದಲ್ಲೇ ಬರೆಯಲು ಅಡ್ಡಿಯಿಲ್ಲ.

ಮತ್ತೆ ತಂದೆಯವರಿಗೆ: ಪರೀಕ್ಷೆ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಒಂದು ದಿನ ಹೆಸರಘಟ್ಟಕ್ಕೆ ಹೋಗಿ ಬನ್ನಿ. ಬೆಂಗಳೂರಿನ ಬಸ್ಸಿನಲ್ಲಿ ನೆಲಮಂಗಲದ ಬಳಿ ಇಳಿದರೆ ಅಲ್ಲಿಂದ ಬಹಳ ದೂರವಿಲ್ಲ. ಪ್ರವೇಶದ ನಿಯಮ, ಶುಲ್ಕ, ವಸತಿ ಎಲ್ಲವನ್ನೂ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ. ಹಾಸನದ ಆ ಮಹನೀಯರು ಮತ್ತೆ ಫೋನ್ ಮಾಡಿದರೆ ಇದುವರೆಗೆ ಅವರು ಯಾವ ಚಿತ್ರ ಮಾಡಿದ್ದಾರೆ, ಸಬ್ಸಿಡಿ ಯಾವ ವರ್ಷ ಬಂತು ಎಂದು ಕೇಳಿ ನೋಡಿ.